ಯಮನಪ್ಪನ ಕೊನೆಯ ಐವತ್ತೆರಡು ಸೆಕೆಂಡು

ಶವಾಗಾರದ ವೈದ್ಯೆ ಡಾ. ವಾರಿಜಾ ಹಂಚಿನಾಳ ಮೂರು ವರ್ಷದಿಂದ ಒಂದು ಹೆಣಕ್ಕಾಗಿ ಕಾಯುತ್ತಿದ್ದರು. ಹೀಗೆಂದರೆ ಕೇಳಿದವರು ಬೆಚ್ಚುತ್ತಿದ್ದರು. ಆದ್ದರಿಂದ ಅವರು ಈ ಮಾತನ್ನು ತಮ್ಮ ಜತೆ ಒಂದು ಯಂತ್ರ ಕಟ್ಟಿದ್ದ ಎಂಜಿನಿಯರ್ ಜಿನದತ್ತ ಉಪಾಧ್ಯೆಯ ಹತ್ತಿರ ಮಾತ್ರ ಆಡುತ್ತಿದ್ದರು.

ಮನುಷ್ಯ ಸತ್ತ ಎರಡು ಮೂರು ಗಂಟೆಗೆ ಮೈ ನಿಧಾನವಾಗಿ ಸೆಟೆಯುತ್ತದೆ. ಸ್ನಾಯು ಬಿಗಿಯಲು ಹೇಗೋ ಹಾಗೆ ಸಡಿಲಾಗಲೂ ಶಕ್ತಿ ಬೇಕು. ಆ ಶಕ್ತಿ ತೀರಿದಾಗ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಇದು ಎಲ್ಲರಿಗೂ ಆಗುವಂಥದ್ದು. ಆದರೆ ಸಾವಿರಾರು ಸಾವುಗಳಲ್ಲಿ ಎಲ್ಲೋ ಒಂದು ಸಲ, ಬಹಳ ಉದ್ವೇಗದಲ್ಲೋ ಶ್ರಮದಲ್ಲೋ ಇದ್ದವನ ಜೀವ ತಟ್ಟನೆ ಹೋದರೆ, ಆ ಗಳಿಗೆಯಲ್ಲಿ ದುಡಿಯುತ್ತಿದ್ದ ಸ್ನಾಯು ಸಡಿಲಾಗದೆ ಹಾಗೆಯೇ ಕಲ್ಲಾಗಿಬಿಡುತ್ತದೆ. ಮುಳುಗಿ ಸತ್ತವನ ಮುಷ್ಟಿಯಲ್ಲಿ ಜೊಂಡಿನ ಹುಲ್ಲು, ಗುಂಡು ಹಾರಿಸಿಕೊಂಡವನ ಕೈಯಲ್ಲಿ ಪಿಸ್ತೂಲು. ಎಷ್ಟು ಬಿಡಿಸಿದರೂ ಬಿಡದ ಹಿಡಿತ ಅದು. ನ್ಯಾಯವೈದ್ಯರು ಅದನ್ನು ಕೊನೆಯ ಭಂಗಿಯ ಸಾಕ್ಷಿ ಎಂದು ಮೊದಲಿಂದಲೂ ನಂಬಿದ್ದರು.

ವಾರಿಜಾ ಕೇಳಿಕೊಂಡದ್ದು ಇಷ್ಟೇ: ಹಾಗೆ ಸೆಟೆದ ಸ್ನಾಯು ಕೊನೆಯ ಭಂಗಿಯ ಜತೆಗೆ ಕೊನೆಯ ಚಲನೆಯನ್ನೂ ಹಿಡಿದಿಟ್ಟುಕೊಂಡಿದ್ದರೆ?

ಕೆಸರುಗದ್ದೆಯಲ್ಲಿ ಜನ ನಡೆದುಹೋದ ಮೇಲೆ ಕೆಸರು ಒಮ್ಮೆಲೇ ಒಣಗಿತೆನ್ನಿ. ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂದು ಮೇಲುಮೇಲಿನ ಗುರುತುಗಳಿಂದಲೇ ಹೇಳಬಹುದು. ಅವರಿಬ್ಬರೂ ಕಟ್ಟಿದ 'ಸ್ನಾಯುವಾಚಕ' ಮಾಡುತ್ತಿದ್ದದ್ದು ಅದನ್ನೇ. ತೋಳಿಗೆ ತೊಡಿಸುವ ಒಂದು ಜೋಡಿ ಉದ್ದ ಕೈಗವಸುಗಳು. ಒಳಗೆ ಕೂದಲಿಗಿಂತ ತೆಳುವಾದ ಹತ್ತು ಸಾವಿರ ಸೂಜಿಗಳು. ಯಾವ ಎಳೆ ಎಷ್ಟು ಶಕ್ತಿ ಕಳೆದುಕೊಂಡು ಯಾವ ಕ್ರಮದಲ್ಲಿ ಬಿಗಿದಿದೆ ಎಂದು ಅವು ಓದುತ್ತಿದ್ದವು. ಓದಿದ್ದನ್ನು ಮೇಜಿನ ಮೇಲಿನ ಎರಡು ಪ್ಲಾಸ್ಟಿಕ್ ಕೈಗಳು ಆಡಿ ತೋರಿಸುತ್ತಿದ್ದವು. ಹೆಚ್ಚೆಂದರೆ ಒಂದು ನಿಮಿಷದ ಚಲನೆ ಸಿಗಬಹುದು, ಅದೂ ಒಂದೂವರೆ ದಿನದೊಳಗೆ. ಆಮೇಲೆ ಮೈ ಸಡಿಲಾಗಿ ಎಲ್ಲ ಅಳಿಸಿಹೋಗುತ್ತದೆ. ಆದರೆ ಮೂರು ವರ್ಷದಲ್ಲಿ ಅಂಥ ಸಾವು ಒಂದೂ ಅವರ ಶವಾಗಾರಕ್ಕೆ ಬಂದಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಂತು.

ಯಮನಪ್ಪ ಭಜಂತ್ರಿ, ವಯಸ್ಸು ಎಪ್ಪತ್ತೊಂದು, ಕೆಂಗಲಹಾಳದ ಬ್ಯಾಂಡ್ ಕಂಪನಿಯ ಮಾಲಕ. ಐವತ್ತು ವರ್ಷ ಕ್ಲಾರಿನೆಟ್ ಊದಿದವನು. ಊರ ಹೊರಗಿನ ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಬಯಲಿನಲ್ಲಿ ಬಿದ್ದಿದ್ದ. ತಲೆಯ ಹಿಂಭಾಗ ಕಲ್ಲಿಗೆ ಬಡಿದು ಗಾಯವಾಗಿತ್ತು. ಎರಡೂ ಕೈಗಳು ಒಂದು ಮೊಳದ ಕಬ್ಬಿಣದ ಪೈಪನ್ನು ಎದೆಗೊತ್ತಿ ಹಿಡಿದಿದ್ದವು. ಹೆಣ ತಂದ ಪೊಲೀಸರು ಆ ಪೈಪು ಕಿತ್ತುಕೊಳ್ಳಲು ಹೋಗಿ ಸೋತಿದ್ದರು.

"ಮ್ಯಾಡಂ, ಇದು ಸೀದಾ ಕೇಸು," ಎಂದರು ಇನ್‌ಸ್ಪೆಕ್ಟರ್ ಅರಕೇರಿ. "ಮೋದಿನಸಾಬ ನದಾಫ್ ಅಂತ ಇನ್ನೊಂದ ಬ್ಯಾಂಡಿನ ಮಾಲಕ ಅದಾನ, ಕಾರ್ನೆಟ್ ಅನ್ನೂ ಹಿತ್ತಾಳಿ ತುತ್ತೂರಿ ಊದಾಂವ. ಇಬ್ಬರಿಗೂ ಹದಿನೇಳ ವರ್ಷದಿಂದ ಮಾತಿಲ್ಲ. ಹಾಲಿನಾಂವ ದೂರದಿಂದ ನೋಡ್ಯಾನ. ಇಬ್ಬರೂ ಒದರಾಕತ್ತಿದ್ದರಂತ, ಇಂವ ಪೈಪ್ ಎತ್ತಿದನಂತ, ಅಂವ ಕೈ ಮುಂದ ಮಾಡಿದನಂತ, ಇಂವ ಹಿಂದಕ್ಕ ಬಿದ್ದನಂತ. ದಬ್ಬ್ಯಾನ, ಮತ್ತೇನ್ರಿ? ಮೋದಿನಸಾಬನ ಹಣಿಗೂ ಗಾಯ ಆಗೇತಿ."

"ಮೋದಿನಸಾಬ ಏನಂತಾನ?"

ಅರಕೇರಿ ನಕ್ಕುಬಿಟ್ಟರು. "ಯಮನಪ್ಪ ನನಗ ಹೊಸಾ ಧಾಟಿ ಕಲಸಾಕತ್ತಿದ್ದ ಅಂತಾನ್ರಿ! ಆ ಪೈಪ್ ಹಿಡಕೊಂಡು! ಯಮನಪ್ಪನ ಮಗಳು ಕಸ್ತೂರೆವ್ವನ್ನ ಕೇಳಿದೆ. ನಮ್ಮಪ್ಪ ಅವನ ಹೆಸರ ಎತ್ತಿದ್ರ ಬಾಯಿ ತೊಳಕೊಂತಿದ್ದ ಅಂದಳು."

ವಾರಿಜಾ ಹೆಣದ ಬೆರಳುಗಳನ್ನು ಮುಟ್ಟಿದರು. ದವಡೆ, ಕುತ್ತಿಗೆ, ಕಾಲು ಎಲ್ಲ ಇನ್ನೂ ಮೆತ್ತಗಿದ್ದವು. ಮೊಣಕೈಯಿಂದ ಕೆಳಗೆ ಮಾತ್ರ ಮರದ ಹಾಗೆ ಗಡುಸು.

"ಜಿನದತ್ತ," ಎಂದು ಕೂಗಿದರು, "ಯಂತ್ರ ತರ್ರಿ!"

ಮಧ್ಯಾಹ್ನದ ಹೊತ್ತಿಗೆ ಶವಪರೀಕ್ಷೆ ಮುಗಿಯಿತು. ಹೃದಯದ ರಕ್ತನಾಳವೊಂದು ಮುಚ್ಚಿಹೋಗಿತ್ತು. ತಲೆಯ ಪೆಟ್ಟು ದೊಡ್ಡದಲ್ಲ. ಆದರೆ ಎದೆನೋವು ಬಂದು ಬಿದ್ದನೋ, ಜಗಳದಲ್ಲಿ ದಬ್ಬಿಸಿಕೊಂಡ ಆಘಾತಕ್ಕೆ ಎದೆ ನಿಂತಿತೋ ಎಂದು ಚಾಕು ಹೇಳಲಾರದು. ಪುಸ್ತಕಗಳ ಪ್ರಕಾರವಾದರೆ ಸತ್ತವನ ಬಿಗಿಮುಷ್ಟಿಯಲ್ಲಿ ಆಯುಧವಿತ್ತು. ಅಂದರೆ ಅವನು ಹೊಡೆದಾಡುತ್ತಿದ್ದ. ಮರುದಿನ ಮಧ್ಯಾಹ್ನ ಮೋದಿನಸಾಬನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವುದೇ ಬಾಕಿ.

ಯಂತ್ರ ಐವತ್ತೆರಡು ಸೆಕೆಂಡು ಓದಿ ಕೊಟ್ಟಿತು. ಜಿನದತ್ತ ಗುಂಡಿ ಒತ್ತಿದಾಗ ಮೇಜಿನ ಮೇಲಿನ ಪ್ಲಾಸ್ಟಿಕ್ ಕೈಗಳು ಅಲುಗಿದವು. ಬೆರಳುಗಳು ಚುರುಕಾಗಿ ಎದ್ದು ಬಿದ್ದವು. ಆಮೇಲೆ ನಾಲ್ಕು ಸೆಕೆಂಡು ಅಲುಗದೆ ನಿಂತವು. ಮತ್ತೆ ಆಡಿದವು. ಮತ್ತೆ ನಿಂತವು. ಕೊನೆಗೆ ಎಡಗೈಯ ಉಂಗುರ ಬೆರಳು ನಡುಗಿತು, ಎರಡೂ ಮುಷ್ಟಿಗಳು ಗಪ್ಪನೆ ಮುಚ್ಚಿದವು.

"ಬಾರಿಸಾಕತ್ತಾನ್ರಿ!" ಎಂದ ಜಿನದತ್ತ. "ಕ್ಲಾರಿನೆಟ್ ಬಾರಿಸಾಕತ್ತಾನ!"

"ಹಂಗಾದ್ರ ನಡುವ ನಿಂತದ್ದು ಯಾಕ?"

ಜಿನದತ್ತನ ಮುಖ ಇಳಿಯಿತು. "ಅದ ಸಮಸ್ಯೆ ನೋಡ್ರಿ. ಒಂದಲ್ಲ, ಆರು ಕಡೆ ಖಾಲಿ ಐತಿ. ಯಂತ್ರ ಅಲ್ಲಲ್ಲಿ ಓದಾಕ ತಪ್ಪಿರಬೇಕು. ಆರು ತೂತಿದ್ದ ಸಾಕ್ಷಿ ಕೋರ್ಟಿಗೆ ಒಯ್ದರ ವಕೀಲರು ನಗತಾರ."

ಸಂಜೆಯವರೆಗೆ ಅವನು ಯಂತ್ರವನ್ನು ತಪಾಸಣೆ ಮಾಡಿದ. ಸೂಜಿಗಳೆಲ್ಲ ಸರಿಯಾಗಿದ್ದವು.

ವಾರಿಜಾ ಮನೆಗೆ ಬಂದಾಗ ಅತ್ತೆ ಬಸಲಿಂಗವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ವಾರಿಜಾ ಪಕ್ಕದಲ್ಲಿ ಕೂತು ಲಟ್ಟಣಿಗೆಯನ್ನು ಕೈಗೆತ್ತಿಕೊಂಡರು. ಎಷ್ಟು ಸಲ ಆ ಐವತ್ತೆರಡು ಸೆಕೆಂಡು ನೋಡಿದ್ದರೋ, ಬೆರಳಿಗೆ ಬಾಯಿಪಾಠವಾಗಿತ್ತು. ಲಟ್ಟಣಿಗೆಯ ಮೇಲೆ ಬೆರಳಾಡಿಸಿದರು, ನಿಲ್ಲಿಸಿದರು, ಮತ್ತೆ ಆಡಿಸಿದರು.

ಅತ್ತೆ ಓರೆಗಣ್ಣಿನಿಂದ ನೋಡುತ್ತಿದ್ದರು. "ಏನವಾ ಅದು? ಮುರಲಿ ಊದಾಕ ಹತ್ತೀಯೇನ?"

"ಸತ್ತಾಂವ ಒಬ್ಬಾಂವ ಊದಿದ್ದು ಅತ್ತಿ. ನಡುನಡುವ ಸುಮ್ಮನ ನಿಂತಾನ. ಯಾಕಂತ ತಿಳೀವಲ್ದು."

"ಇನ್ನೊಮ್ಮಿ ಮಾಡು."

ವಾರಿಜಾ ಮತ್ತೊಮ್ಮೆ ಆಡಿಸಿದರು. ಬಸಲಿಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಿಂದಲೇ ಮೊಣಕಾಲಿನ ಮೇಲೆ ತಾಳ ಹಾಕುತ್ತ ಕೇಳಿದರು. ಕೇಳುವಂಥದ್ದೇನೂ ಇಲ್ಲದಿದ್ದರೂ ಕೇಳಿದರು. ಆಮೇಲೆ ಅವರ ಮುಖ ಅರಳಿತು.

"ಅಂವ ನಿಂತಿಲ್ಲವಾ, ಕಾಯಾಕತ್ತಾನ! ನಾನೂ ನಮ್ಮಕ್ಕನೂ ಬೀಸೂ ಕಲ್ಲಿಗೆ ಕುಂತಾಗ ನಾ ಒಂದು ನುಡಿ ಅಂತಿದ್ದೆ, ಆಕಿ ಒಂದು ನುಡಿ ಅಂತಿದ್ದಳು. ಆಕಿ ಅನ್ನೂತನಕ ನನ್ನ ಬಾಯಿ ಮುಚ್ಚಿರತಿತ್ತು. ತಾಳ ನೋಡು, ಎಷ್ಟು ಸರಿ ಐತಿ! ಅವನ ಎದುರಿಗೆ ಯಾರೋ ಇನ್ನೊಬ್ಬರು ಜವಾಬು ಕೊಡಾಕತ್ತಾರ."

ವಾರಿಜಾ ಲಟ್ಟಣಿಗೆ ಹಿಡಿದುಕೊಂಡೇ ಎದ್ದು ನಿಂತರು. ಅತ್ತೆಯ ಹಿಟ್ಟು ಮೆತ್ತಿದ ಕೆನ್ನೆಗೆ ಮುತ್ತು ಕೊಟ್ಟು ಫೋನಿಗೆ ಓಡಿದರು.

"ಜಿನದತ್ತ, ಅವು ತೂತಲ್ಲ! ಅವು ಮೋದಿನಸಾಬನ ಪಾಲು!"

ಮರುದಿನ ಮ್ಯಾಜಿಸ್ಟ್ರೇಟರಿಗೆ ವಾರಿಜಾ ಒಂದು ಅರ್ಜಿ ಕೊಟ್ಟರು. ಮ್ಯಾಜಿಸ್ಟ್ರೇಟ್ ಒಬ್ಬ ಗಂಭೀರ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ಈ ಹೊಸ ಯಂತ್ರವನ್ನು ನಂಬುವಂತೆ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ ಎಂದರು.

"ಯಂತ್ರವನ್ನು ನಂಬಬೇಡಿ," ಎಂದರು ವಾರಿಜಾ. "ನಿಮ್ಮ ಕಿವಿಯನ್ನು ನಂಬಿ. ನಿನ್ನೆ ಬೆಳಿಗ್ಗೆಯಿಂದ ಮೋದಿನಸಾಬ ಲಾಕಪ್ಪಿನಲ್ಲಿದ್ದಾನೆ. ಯಂತ್ರ ಏನು ಓದಿದೆ ಎಂದು ಅವನಿಗೆ ಗೊತ್ತಿಲ್ಲ. ಯಮನಪ್ಪ ತನಗೆ ಕಲಿಸಿದ ಎಂದು ಅವನು ಹೇಳುವ ಧಾಟಿಯನ್ನು ಇಲ್ಲಿ ಬಾರಿಸಲಿ. ಎರಡನ್ನೂ ಆಮೇಲೆ ಕೂಡಿಸಿ ಕೇಳೋಣ."

ಮೋದಿನಸಾಬನನ್ನು ಕರೆತಂದರು. ಹಣೆಗೆ ಪಟ್ಟಿ ಕಟ್ಟಿದ್ದ, ಎತ್ತರದ, ಬಗ್ಗಿದ ಮುದುಕ. ಬೆಂಚಿನ ಇನ್ನೊಂದು ತುದಿಗೆ ಕಸ್ತೂರೆವ್ವ ಕೂತಿದ್ದಳು. ಮೂವತ್ತೈದರ ಗಟ್ಟಿ ಹೆಂಗಸು. ಅಪ್ಪನ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವವಳು. ಅವಳು ಅವನ ಕಡೆ ನೋಡಲೂ ಇಲ್ಲ.

"ಹದಿನೇಳು ವರ್ಷ ಮಾತಿಲ್ಲದವನು ನಿಮಗೆ ಧಾಟಿ ಯಾಕೆ ಕಲಿಸಿದ?" ಎಂದು ಮ್ಯಾಜಿಸ್ಟ್ರೇಟ್ ಕೇಳಿದರು.

"ಅದಕ್ಕ ಇಬ್ಬರು ಬೇಕಿತ್ರಿ ಅವ್ವಾರ," ಎಂದ ಮೋದಿನಸಾಬ. "ಮೆರವಣಿಗ್ಯಾಗ ಮುಂದ ಕ್ಲಾರಿನೆಟ್ ನಡೀಬೇಕೋ ಕಾರ್ನೆಟ್ ನಡೀಬೇಕೋ ಅಂತ ಜಗಳಾಡಿ ಬ್ಯಾಂಡ್ ಒಡದವರು ನಾವು. ಶುಕ್ರವಾರ ಮುಂಜಾನೆ ನಾ ಬಯಲಾಗ ಊದಾಕತ್ತಿದ್ದೆ. ಯಮನಪ್ಪ ಬಂದು ದೂರ ನಿಂತ. 'ಒಂದು ಧಾಟಿ ಮಾಡೀನಿ, ಅದರಾಗ ಕ್ಲಾರಿನೆಟ್ ಕೇಳತೈತಿ, ಕಾರ್ನೆಟ್ ಹೇಳತೈತಿ. ಈ ಜಿಲ್ಲಾದಾಗ ಅದಕ್ಕ ಜವಾಬು ಕೊಡೂ ಗಂಟಲ ನಿಂದೊಂದ ಐತಿ, ಹಾಳಾಗಿ ಹೋಗು' ಅಂದ. ನನಗ ನಗು ಬಂತು. ಅವನಿಗೂ ಬಂತು. ದಿನಾ ಬಂದು ಒಂದೊಂದ ತುಣುಕ ಕಲಿಸಿದ. ಮಗಳಿಗೆ ಹೇಳಬ್ಯಾಡ, ನಗತಾಳ ಅಂದಿದ್ದ."

"ಕೈಯಲ್ಲಿ ಪೈಪು?"

"ಕ್ಲಾರಿನೆಟ್ ತಂದ್ರ ಮಗಳು ಕೇಳತಾಳಂತ ಮನ್ಯಾಗ ಬಿಟ್ಟು ಬರತಿದ್ದ. ಅಲ್ಲೇ ಬಿದ್ದಿದ್ದ ಪೈಪಿನ ಮ್ಯಾಲ ಬೆರಳಾಡಿಸಿ ಬಾಯಿಲೆ ಹಾಡತಿದ್ದ, ನಾನೂ ಬಾಯಿಲೆ ಜವಾಬು ಕೊಡತಿದ್ದೆ. ಇಬ್ಬರದೂ ದೊಡ್ಡ ಗಂಟಲ. ಒದರಾಕತ್ತಿದ್ದರು ಅಂತ ಹಾಲಿನಾಂವ ಅಂದದ್ದು ಸುಳ್ಳಲ್ಲ. ಅಂವ ಬೀಳೂ ಮುಂದ ಹಿಡೀಲಾಕ ಹೋದೆ. ಅವನ ಮ್ಯಾಲೆ ನಾನೂ ಬಿದ್ದೆ, ಹಣಿ ಪೈಪಿಗೆ ಬಡೀತು."

ಕಾರ್ನೆಟ್ ಕೈಗೆ ಕೊಟ್ಟರು. ಮೋದಿನಸಾಬ ತುಟಿ ಒರೆಸಿಕೊಂಡ. ಮೊದಲು ಊದಲಿಲ್ಲ. ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತ, ಗಾಳಿಯಲ್ಲಿ ಯಾರನ್ನೋ ಕೇಳುವವನ ಹಾಗೆ ತಲೆಯಾಡಿಸುತ್ತ ಸುಮ್ಮನೆ ನಿಂತ. ಆಮೇಲೆ ನಾಲ್ಕು ಸೆಕೆಂಡಿನ ಒಂದು ತುಂಡು ಊದಿದ. ಮತ್ತೆ ಸುಮ್ಮನಾದ. ಹೀಗೆ ಆರು ಸಲ. ಬಿಡಿಬಿಡಿಯಾಗಿ ಕೇಳಿದರೆ ಅದು ಹುಚ್ಚನ ಮಾತಿನ ಹಾಗಿತ್ತು. ಅರಕೇರಿ ತಲೆ ತಗ್ಗಿಸಿ ಬೂಟು ನೋಡಿಕೊಂಡರು.

ಜಿನದತ್ತ ಅದನ್ನು ಧ್ವನಿಮುದ್ರಿಸಿಕೊಂಡು, ಬೆರಳುಗಳ ಚಲನೆಯಿಂದ ಕಟ್ಟಿದ ಕ್ಲಾರಿನೆಟ್ ಸ್ವರಗಳ ಮೇಲೆ ಹೊಂದಿಸಿದ. ಗುಂಡಿ ಒತ್ತಿದ.

ಕ್ಲಾರಿನೆಟ್ ಏನೋ ಕೇಳಿತು. ಕಾರ್ನೆಟ್ ಹೇಳಿತು. ಕ್ಲಾರಿನೆಟ್ ಕಾಲೆಳೆಯಿತು. ಕಾರ್ನೆಟ್ ಗದರಿತು. ಕ್ಲಾರಿನೆಟ್ ಮುನಿಸಿಕೊಂಡು ಸಣ್ಣಗಾಯಿತು, ಕಾರ್ನೆಟ್ ರಮಿಸಿತು. ಎಲ್ಲೂ ಒಂದು ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಹೆಣ್ಣಿನವರೂ ಗಂಡಿನವರೂ ಬೀದಿಯಲ್ಲಿ ಎದುರುಬದುರು ನಿಂತು ಚೇಷ್ಟೆ ಮಾಡಿದ ಹಾಗಿತ್ತು ಆ ಧಾಟಿ. ಕೋರ್ಟಿನ ಗುಮಾಸ್ತನ ತಲೆ ತೂಗತೊಡಗಿತು. ಮ್ಯಾಜಿಸ್ಟ್ರೇಟರ ಮುಖ ಗಂಭೀರವಾಗಿಯೇ ಇತ್ತು. ಆದರೆ ಅವರ ಪೆನ್ನು ಫೈಲಿನ ಮೇಲೆ ತಾಳ ಹಾಕುತ್ತಿದ್ದುದನ್ನು ಎಲ್ಲರೂ ನೋಡಿದರು.

ಐವತ್ತೆರಡನೆಯ ಸೆಕೆಂಡಿಗೆ ಕ್ಲಾರಿನೆಟ್ ಏನೋ ಕೇಳಲು ಹೊರಟು ಅರ್ಧಕ್ಕೆ ನಿಂತಿತು.

ಕಸ್ತೂರೆವ್ವ ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರು ಧಾರೆಯಾಗಿತ್ತು, ಬಾಯಿ ನಗುತ್ತಿತ್ತು.

"ಇದು ಅಪ್ಪಂದ," ಎಂದಳು. "ಬ್ಯಾರೆ ಯಾರದೂ ಅಲ್ಲ. ಆ ಮೂರನೇ ನುಡಿ ಕೊಂಕಿಸಿದ್ದು ನೋಡ್ರಿ, ಅಪ್ಪ ಹಂಗ ಕೊಂಕಿಸ್ತಿದ್ದ." ಆಮೇಲೆ ಮೋದಿನಸಾಬನ ಹತ್ತಿರ ಹೋದಳು. "ಕಾಕಾ, ಇದರ ಮುಂದಿಂದು?"

"ನನಗೂ ಗೊತ್ತಿಲ್ಲವಾ," ಎಂದ ಅವನು. "ಅಷ್ಟಕ್ಕ ಬಂದಿದ್ದಿವಿ. ಅಂವ ಭಾಳ ಖುಷೀಲಿದ್ದ. ಬೆರಳಾಡಿಸಿಕೋಂತ ಪೈಪ್ ಆಕಾಶಕ್ಕ ಎತ್ತಿ ನಗಾಕತ್ತಿದ್ದ."

ಕೊನೆಯ ಗಳಿಗೆಯವರೆಗೂ ಇಬ್ಬರೂ ಕೂಡಿ ಹಾಡುತ್ತಿದ್ದರು, ಜಗಳವಿರಲಿಲ್ಲ ಎಂದು ಮ್ಯಾಜಿಸ್ಟ್ರೇಟ್ ಬರೆದರು. ಮೋದಿನಸಾಬ ಆ ಮಧ್ಯಾಹ್ನವೇ ಹೊರಗೆ ಬಂದ. ಯಮನಪ್ಪನ ಮಣ್ಣಿಗೆ ಎರಡೂ ಬ್ಯಾಂಡಿನವರು ಒಟ್ಟಿಗೆ ನಡೆದರು. ಮುಂದೆ ಯಾರು, ಹಿಂದೆ ಯಾರು ಎಂದು ಯಾರೂ ಕೇಳಲಿಲ್ಲ. ಬೀದಿ ಅಗಲವಾಗಿತ್ತು, ಸಾಲು ಜೋಡಿಯಾಗಿ ಹೋಯಿತು.

ಸುದ್ದಿ ಹರಡಲು ತಡವಾಗಲಿಲ್ಲ. ಸತ್ತವರ ಕೈ ಮಾತಾಡುತ್ತದೆ ಎಂದು ಜನ ಶವಾಗಾರಕ್ಕೆ ಬರತೊಡಗಿದರು. ವಾರಿಜಾ ಒಬ್ಬೊಬ್ಬರನ್ನೂ ಕೂರಿಸಿ, ಅಂಥ ಸಾವು ಬಹಳ ಅಪರೂಪ, ಬೇರೆಯವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ ಎಂದು ತಿಳಿಸಿ ಹೇಳುತ್ತಿದ್ದರು. ಆದರೂ ಊರಿನಲ್ಲಿ ಒಂದು ವಿಚಿತ್ರ ಬದಲಾವಣೆಯಾಯಿತು. ಮುದುಕರು ಕೈ ಸುಮ್ಮನಿಡುವುದನ್ನು ಬಿಟ್ಟರು. ಒಬ್ಬ ನಿವೃತ್ತ ಮಾಸ್ತರರು ಸಂಜೆಯೆಲ್ಲ ಮೊಮ್ಮಕ್ಕಳಿಗೆ ಕಾಗದದ ಹಕ್ಕಿ ಮಡಚಿಕೊಡತೊಡಗಿದರು. "ಹೋಗೂ ಮುಂದ ಕೈಯಾಗ ಟಿವಿ ರಿಮೋಟ್ ಇತ್ತಂದ್ರ ಮರ್ಯಾದಿ ಏನುಳೀತು?" ಎಂದು ಬಸಲಿಂಗವ್ವ ಮೂವತ್ತು ವರ್ಷದ ಹಿಂದೆ ಬಿಟ್ಟಿದ್ದ ಹಳೆಬಟ್ಟೆಯ ಕೌದಿ ಹೊಲಿಗೆಯನ್ನು ಮತ್ತೆ ಹಿಡಿದರು.

ಹದಿನೈದು ದಿನದ ಮೇಲೆ ಕಸ್ತೂರೆವ್ವ ಶವಾಗಾರದ ಪ್ರಯೋಗಾಲಯಕ್ಕೆ ಬಂದಳು. ಕಂಕುಳಲ್ಲಿ ಅಪ್ಪನ ಕ್ಲಾರಿನೆಟ್ ಪೆಟ್ಟಿಗೆ.

"ಮ್ಯಾಡಂ, ನನಗ ಇದು ಬರಂಗಿಲ್ಲ. ಸಣ್ಣಾಕಿದ್ದಾಗ ಕಲಸು ಅಂದಿದ್ದೆ. ಹೆಣ್ಣ ಹುಡಿಗಿ ಗಲ್ಲ ಉಬ್ಬಿಸಿ ಊದಿದ್ರ ಜನ ನಗತಾರ, ಡ್ರಮ್ಮ ಸಾಕು ಅಂದ. ನಿಮ್ಮ ಆ ಪ್ಲಾಸ್ಟಿಕ್ ಕೈ ನೋಡಬಹುದೇನ್ರಿ? ಕೈ ನೋಡಿ ಕಲೀತೀನಿ."

ಕೇಸಿನ ವಸ್ತುವನ್ನು ಹಾಗೆ ತೋರಿಸಲು ಅನುಮತಿ ಬೇಕಿತ್ತು. ವಾರಿಜಾ ಅರ್ಜಿ ಬರೆದರು. ಮ್ಯಾಜಿಸ್ಟ್ರೇಟ್ ಅದೇ ದಿನ ಸಹಿ ಹಾಕಿ, ಕಲಿತ ಮೇಲೆ ತಮಗೂ ತಿಳಿಸಬೇಕೆಂದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು.

ಆ ಒಂದು ತಿಂಗಳು ಶವಾಗಾರದ ಕಟ್ಟಡದಲ್ಲಿ ಮಧ್ಯಾಹ್ನಗಳು ಬೇರೆಯಾದವು. ಮೊದಮೊದಲು ಕ್ಲಾರಿನೆಟ್ಟಿನಿಂದ ಬಾತುಕೋಳಿಯ ಕೂಗು ಹೊರಡುತ್ತಿತ್ತು. ಮೇಲಿನ ಮಹಡಿಯ ಗುಮಾಸ್ತರು ಕಿವಿಗೆ ಹತ್ತಿ ಇಟ್ಟುಕೊಂಡರು. ಕಸ್ತೂರೆವ್ವ ಬಿಡಲಿಲ್ಲ. ಜಿನದತ್ತ ಯಂತ್ರದ ವೇಗವನ್ನು ನಾಲ್ಕರಲ್ಲಿ ಒಂದು ಪಾಲಿಗಿಳಿಸಿ ಕೊಟ್ಟ. ಅವಳು ಪ್ಲಾಸ್ಟಿಕ್ ಬೆರಳುಗಳ ಮೇಲೆ ತನ್ನ ಬೆರಳನ್ನಿಟ್ಟು, ಅವು ಎದ್ದಾಗ ಏಳುತ್ತ, ಇಳಿದಾಗ ಇಳಿಯುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ಒಂದು ದಿನ ವಾರಿಜಾ ಬಾಗಿಲಲ್ಲಿ ನಿಂತು ನೋಡಿದರು. ಅವಳು ಆ ಕೈಗಳ ಜತೆ ಮಾತಾಡುತ್ತಿದ್ದಳು.

"ಸಾವಕಾಶ ಅಪ್ಪಾ. ಅಲ್ಲಿ ಮತ್ತೊಮ್ಮಿ. ಹಾಂ, ಈಗ ಬಂತು ನೋಡು!"

ವಾರಿಜಾ ಸದ್ದಿಲ್ಲದೆ ಹಿಂದೆ ಸರಿದು ತಮ್ಮ ಕೋಣೆಗೆ ಹೋದರು. ಹದಿನಾರು ವರ್ಷ ಈ ಕೆಲಸ ಮಾಡಿದ ಅವರಿಗೆ ಇಂಥ ಸಂತೋಷ ಈ ಕಟ್ಟಡದಲ್ಲಿ ಯಾವತ್ತೂ ಆಗಿರಲಿಲ್ಲ.

ಮೇ ತಿಂಗಳಲ್ಲಿ ಇನ್‌ಸ್ಪೆಕ್ಟರ್ ಅರಕೇರಿಯ ಮಗಳ ಮದುವೆ ಬಂತು. ಬ್ಯಾಂಡು ಯಾರದಿರಬೇಕೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಕೂಡಿಕೊಂಡ ಎರಡೂ ಕಂಪನಿಗಳು ಹೊಸ ಕೆಂಪು ಅಂಗಿ ತೊಟ್ಟು ಬಸ್ ನಿಲ್ದಾಣದಿಂದ ಮೆರವಣಿಗೆ ಹೊರಡಿಸಿದವು. ಬೆಳಗಿನ ಬಿಸಿಲು ಹಿತ್ತಾಳೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬಸಲಿಂಗವ್ವ ಬೀಗರ ಹೆಂಗಸರ ನಡುವೆ ಸೇರಿಕೊಂಡು ಆಗಲೇ ಕುಣಿಯುತ್ತಿದ್ದರು. ಕೋರ್ಟಿನ ಗುಮಾಸ್ತ ಬಂದಿದ್ದ. ಹಾಲಿನವನೂ ಬಂದಿದ್ದ, ಮೋದಿನಸಾಬ ಅವನ ಬೆನ್ನಿಗೆ ಗುದ್ದಿ, "ಇನ್ನಮ್ಯಾಲ ಹಾಡಿಗೂ ಒದರಾಟಕ್ಕೂ ಫರಕು ಕಲಕೋ," ಎಂದ.

ನಾಲ್ಕು ರಸ್ತೆ ಕೂಡುವಲ್ಲಿ ಮೆರವಣಿಗೆ ನಿಂತಿತು. ಕಸ್ತೂರೆವ್ವ ಕ್ಲಾರಿನೆಟ್ ಎತ್ತಿ ಮುಂದೆ ಬಂದಳು. ಎದುರಿಗೆ ಮೋದಿನಸಾಬ ನಿಂತ. ಅವಳು ಗಲ್ಲ ಉಬ್ಬಿಸಿ ಕೇಳಿದಳು, ಅವನು ಹೇಳಿದ. ಎರಡನೆಯ ನುಡಿಗೆ ಜನ ನಗತೊಡಗಿದರು. ಮೂರನೆಯದಕ್ಕೆ ಕುಣಿಯತೊಡಗಿದರು. ಮದುಮಗಳೇ ಕಾರಿನಿಂದ ಇಳಿದು ಬಂದಳು. ಅರಕೇರಿ ಪೇಟ ಕಳಚಿ ಗಾಳಿಯಲ್ಲಿ ತಿರುಗಿಸಿದರು.

ಜನರ ನಡುವೆ ನಿಂತ ವಾರಿಜಾ ಮಾತ್ರ ಮನಸ್ಸಿನಲ್ಲಿ ಎಣಿಸುತ್ತಿದ್ದರು. ನಲವತ್ತೈದು. ನಲವತ್ತೆಂಟು. ಐವತ್ತು. ಐವತ್ತೆರಡು.

ಕಸ್ತೂರೆವ್ವ ನಿಲ್ಲಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ಆ ಪ್ರಶ್ನೆಯನ್ನು ಹಿಡಿದು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು, ಅಪ್ಪ ಎಂದೂ ಬಾರಿಸಿರದ ಒಂದು ತುಂಟ ತಿರುವು ಕೊಟ್ಟು ಮೋದಿನಸಾಬನ ಮುಂದೆ ತಂದಿಟ್ಟಳು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಮುದುಕ ಬೆಕ್ಕಸಬೆರಗಾಗಿ ನೋಡಿದ. ಕಾರ್ನೆಟ್ಟನ್ನು ತುಟಿಗಿಟ್ಟವನಿಗೆ ನಗು ತಡೆಯಲಾಗದೆ ಊದಲು ಬರಲೇ ಇಲ್ಲ. ಜನ "ಜವಾಬು! ಜವಾಬು!" ಎಂದು ಕೂಗಿದರು. ಡ್ರಮ್ಮುಗಳು ತಾಳ ಹಿಡಿದು ಕಾದವು. ಕಸ್ತೂರೆವ್ವ ಹುಬ್ಬು ಹಾರಿಸುತ್ತ ಅದೇ ನುಡಿಯನ್ನು ಇನ್ನೊಮ್ಮೆ ಕೇಳಿದಳು.

ಮೋದಿನಸಾಬ ಕಣ್ಣೊರೆಸಿಕೊಂಡು, ಎದೆ ತುಂಬ ಗಾಳಿ ಎಳೆದುಕೊಂಡು, ತಾನು ಯಾರಿಂದಲೂ ಕಲಿಯದ ಜವಾಬನ್ನು ಊದಿದ.